ಅಧ್ಯಕ್ಷೆಯ ಗದ್ದೆಗೆ ಬಂದ ನೀರುಗಂಟಿ

ಕೆಲವು ವರ್ಷಗಳ ಹಿಂದಿನ ಮಾತು. ಸಾಗರದಲ್ಲಿ ನನ್ನ ವಕೀಲಿಕೆ ನೆಲೆಯೂರಿತ್ತು. ಪಂಚಾಯಿತಿ ಕಾಯ್ದೆಯ ವ್ಯಾಜ್ಯಗಳೆಂದರೆ ನೀರು ಕುಡಿದಷ್ಟು ಸುಲಭ ಎಂಬ ಜಂಬವೂ ಇತ್ತು. ಆಗ ಹೊಸನಗರ ಕಡೆಯ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಗಿರಿಜಮ್ಮ ನೋಟಿಸು ಹಿಡಿದುಕೊಂಡು ಬಂದರು. ಊರಿಗೆ ನಲ್ಲಿ ನೀರು ಬಿಡುವ ಪಂಚಾಯಿತಿ ನೌಕರ, ನೀರುಗಂಟಿ ಮಂಜಪ್ಪ ಅವರ ನೆರೆಮನೆಯವನು. ಅವನು ಇವರ ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಫೋಟೋ ತೆಗೆದು ಎದುರು ಗುಂಪಿನ ಸದಸ್ಯರೊಬ್ಬರು ದೂರು ಕೊಟ್ಟಿದ್ದರು. ಅಧಿಕಾರ ದುರುಪಯೋಗ ಸಾಬೀತಾದರೆ ಹುದ್ದೆ ಹೋಗುತ್ತದೆ. ಗೇಣಿದಾರರ ಮನೆತನದಿಂದ ಆ ಕುರ್ಚಿಗೆ ಬಂದ ಮೊದಲಿಗರು ಅವರು.

"ಡ್ಯೂಟಿ ಹೊತ್ತಲ್ಲಿ ಬಂದಿದ್ನಾ?"

"ಇಲ್ಲ ಸಾರ್, ನೀರು ಬಿಟ್ಟು ಬಂದಿದ್ದ."

"ಕೂಲಿ ಕೊಟ್ರಾ?"

ಅವರಿಗೆ ಸಿಟ್ಟೇ ಬಂತು. "ಮುಯ್ಯಾಳಿಗೆ ಯಾರಾದ್ರೂ ಕೂಲಿ ಕೊಡ್ತಾರಾ? ಆಮೇಲೆ ಅವ್ನ ಮುಖ ಹೆಂಗೆ ನೋಡ್ಲಿ?"

ಮುಯ್ಯಾಳೆಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿಂದ ನನ್ನ ತಲೆ ಕೆಟ್ಟಿತು. ಕೂಲಿ ಕೊಟ್ಟಿಲ್ಲ ಎಂದರೆ ಬಿಟ್ಟಿ ಚಾಕರಿಯಾಗುತ್ತದೆ, ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಹಳೆಯ ತೀರ್ಪುಗಳನ್ನು ಜಾಲಾಡಿದೆ. ಜೀಪು, ಟೆಂಡರು, ನಿವೇಶನ ಎಲ್ಲ ಇತ್ತು, ನಾಟಿ ಮಾತ್ರ ಇರಲಿಲ್ಲ. ತೀರ್ಥಹಳ್ಳಿಯ ಹಿರಿಯ ವಕೀಲರೊಬ್ಬರಿಗೆ ಫೋನು ಮಾಡಿದರೆ, "ಮುಯ್ಯಾಳು ಅಂತ್ಲೇ ಹೇಳ್ಸಿ ಮಾರಾಯ್ರೆ, ಊರಿಗೇ ಗೊತ್ತಿರೋ ಪದ್ಧತಿ" ಎಂದರು. ಸಂಜೆ ತಾವೇ ಫೋನು ಮಾಡಿ, "ಬೇಡ ಮಾರಾಯ್ರೆ, ಅದೇ ತಿರುಗಿ ಬಡಿಯತ್ತೆ" ಎಂದರು. ಅವರಿಗೂ ತಲೆಬುಡ ತಿಳಿದಿರಲಿಲ್ಲ. ಬೇರೆ ದಾರಿ ಕಾಣದೆ ಮುಯ್ಯಾಳೆಂದೇ ಹೇಳಿಕೆ ಬರೆದೆ.

ವಿಚಾರಣಾಧಿಕಾರಿ ಅದನ್ನು ಓದಿ ತಲೆದೂಗಿದರು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅವರು, "ಹಂಗಾದ್ರೆ ನೀವು ಮಂಜಪ್ಪನ ಗದ್ದೆಗೆ ಹೋಗಿದ್ರಾ ಅಮ್ಮ?" ಎಂದು ಕೇಳಿದರು.

"ಪ್ರತಿ ವರ್ಷ ಹೋಗ್ತಿದ್ದೆ ಸಾರ್."

ಅಷ್ಟಕ್ಕೇ ನಿಲ್ಲಿಸಲಿ ಎಂದು ಕಣ್ಸನ್ನೆ ಮಾಡಿದೆ. ಗಿರಿಜಮ್ಮ ನನ್ನತ್ತ ನೋಡಲೇ ಇಲ್ಲ. ಸಾಕ್ಷಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಮಂಜಪ್ಪನ ಕಡೆ ತಿರುಗಿದರು. "ಅಧ್ಯಕ್ಷೆ ಆದ್ಮೇಲೆ ಹೋಗಿಲ್ಲ. ಮೀಟಿಂಗು ಮೀಟಿಂಗು ಅಂತ ಮರ್ತೇ ಬಿಟ್ಟೆ. ನೀನಾದ್ರೂ ಕರೀಬಾರ್ದಿತ್ತಾ ಮಂಜಪ್ಪ?"

ಮಂಜಪ್ಪ ತಲೆ ತಗ್ಗಿಸಿದ. "ಅಧ್ಯಕ್ಷರನ್ನ ಕೆಸ್ರಿಗೆ ಹೆಂಗೆ ಕರೀಲಿ ಅಕ್ಕಾ?"

ಅಧಿಕಾರಿ ಪೆನ್ನು ಕೆಳಗಿಟ್ಟು, "ಇದನ್ನ ಏನಂತ ಬರ್ಕೊಳ್ಲಿ ವಕೀಲ್ರೇ?" ಎಂದರು. ಇದು ದುರುಪಯೋಗವೋ, ಬರೀ ಮರೆವೋ, ನನಗೂ ಗೊತ್ತಾಗಲಿಲ್ಲ. ಕೊನೆಗೆ ಎಚ್ಚರಿಕೆ ಕೊಟ್ಟು ದೂರು ಮುಗಿಸಿದರು. ಹುದ್ದೆ ಉಳಿಯಿತು.

ಹೊರಗೆ ಬಂದಾಗ ಗಿರಿಜಮ್ಮ ಕೇಳಿದರು: "ಈಗ ಅವ್ನ ಗದ್ದೆಗೆ ಹೋದ್ರೆ ಮತ್ತೆ ಕೇಸಾಗತ್ತಾ?"

"ಓಲೈಕೆ ಅಂತ ದೂರು ಕೊಟ್ರೂ ಕೊಟ್ಟಾರು. ಅವಧಿ ಮುಗಿಯೋವರೆಗೆ ಬೇಡ" ಎಂದೆ. ಕಾನೂನಿನ ಪ್ರಕಾರ ಸರಿಯಾದ ಸಲಹೆಯೇ. ಅವರು ಕೇಳಲಿಲ್ಲ, ಮುಂದಿನ ಮಳೆಗಾಲ ಅವನ ಗದ್ದೆಗೆ ಹೋಗಿ ನೆಟ್ಟರು. ನನಗೆ ಯಾಕೋ ಬಹಳ ಖುಷಿಯಾಯಿತು.

ಈಗಲೂ ಚುನಾಯಿತರು ಸಲಹೆಗೆ ಬರುತ್ತಾರೆ. ದೂರಿನ ಪ್ರತಿ ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನೀವು ಗೆದ್ದ ಮೇಲೆ ನಿಮ್ಮನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟವರು ಯಾರು? ಹೆಚ್ಚಿನವರು ಬೆರಳು ಮಡಚಿ ಹೆಸರು ಎಣಿಸತೊಡಗುತ್ತಾರೆ.