ಕೆಂಪು ನಲ್ಲಿಯ ತಣ್ಣೀರು

ಮಸ್ಕತ್ತಿನ ಜೂನ್ ತಿಂಗಳನ್ನು ನಾನು ದ್ವೇಷಿಸುತ್ತೇನೆ. ನಯವಾಗಿ ಹೇಳುವುದಕ್ಕೆ ಇದರಲ್ಲಿ ಏನೂ ಇಲ್ಲ. ಅಲ್ ಖುವೈರಿನ ನಮ್ಮ ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಸಾಕು, ಕನ್ನಡಕದ ಮೇಲೆ ಮಂಜು ಕೂರುತ್ತದೆ. ಊರಲ್ಲಿ ಬಿಸಿ ಗಂಜಿಯ ಬಟ್ಟಲಿಗೆ ಬಗ್ಗಿದಾಗ ಹೀಗಾಗುತ್ತಿತ್ತು; ಇಲ್ಲಿ ಇಡೀ ಬೀದಿಯೇ ಹಾಗೆ. ಗಾಳಿಯ ತುಂಬ ನೀರು, ಮಳೆ ಮಾತ್ರ ಒಂದು ಹನಿ ಇಲ್ಲ. ಎ.ಸಿ. ಕೋಣೆಯ ಕಿಟಕಿ ಗಾಜು ಹೊರಗಡೆಯಿಂದ ಬೆವರುತ್ತದೆ. ಬೆಳಿಗ್ಗೆ ಒಣಹಾಕಿದ ಮಗುವಿನ ಬಟ್ಟೆ ಮಧ್ಯಾಹ್ನಕ್ಕೂ ಹಸಿ ಹಸಿ.

ಅಂಥ ಜೂನಿನಲ್ಲಿ ನಾನು ಬಾಣಂತಿ. ನನ್ನ ಅಮ್ಮನಿಗೆ ಬರಲಾಗಲಿಲ್ಲ. ಬಾಣಂತನ ಮಾಡುತ್ತೇನೆಂದು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಅತ್ತೆ ಬಂದರು. ನನಗೂ ಅವರಿಗೂ ಮದುವೆಯ ದಿನದಿಂದಲೂ ಆಗಿಬಂದದ್ದಿಲ್ಲ. ಬಂದವರು ಮೊದಲ ದಿನವೇ ಎ.ಸಿ. ಆರಿಸಿದರು. ಬಾಣಂತಿಗೆ ಶೀತವಾಗುತ್ತದಂತೆ. ನಾನು ಮತ್ತೆ ಹಾಕಿದೆ. ಅವರು ಮತ್ತೆ ಆರಿಸಿದರು. ನನ್ನ ಗಂಡ ಇಬ್ಬರ ನಡುವೆ ರಿಮೋಟ್ ಹಿಡಿದುಕೊಂಡು ನಿಂತು, ಕೊನೆಗೆ ಆಫೀಸಿಗೆ ಹೋದರು.

ಎ.ಸಿ. ಹಾಳಾಗಲಿ. ನನಗಿದ್ದ ಹೆದರಿಕೆ ಮಗುವಿನ ಸ್ನಾನದ್ದು. ಅತ್ತೆಯ ಕೈಗೆ ಬಿಸಿಯ ಅಂದಾಜೇ ಇಲ್ಲ, ಹಂಡೆಯ ನೀರು ಹೊಯ್ದು ಹೊಯ್ದು ಚರ್ಮ ದಪ್ಪವಾಗಿದೆ. ನನ್ನ ಬೆನ್ನಿಗೆ ಹಾಕಿದ ನೀರಿಗೇ ನಾನು ಕುಣಿದಿದ್ದೆ. ಹದಿನೆಂಟು ದಿನದ ಮಗುವನ್ನು ಇವರು ಒಂದು ದಿನ ಸುಟ್ಟೇ ಸುಡುತ್ತಾರೆ ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಾಗಾಗಿ ಸ್ನಾನದ ಹೊತ್ತಿಗೆ ನಾನು ಬಚ್ಚಲಿನ ಬಾಗಿಲಲ್ಲಿ ಪೊಲೀಸರ ಹಾಗೆ ನಿಲ್ಲುತ್ತಿದ್ದೆ.

ಇಲ್ಲಿನ ನಲ್ಲಿಗಳ ವಿಷಯ ಹೇಳಬೇಕು. ಬೇಸಗೆ ಬಂತೆಂದರೆ ಅವು ಉಲ್ಟಾ. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು ನೀಲಿ ನಲ್ಲಿಯಲ್ಲಿ ಬಿಸಿಬಿಸಿಯಾಗಿ ಬರುತ್ತದೆ. ಅದಕ್ಕೇ ನಾವೆಲ್ಲ ಮೇ ತಿಂಗಳಲ್ಲೇ ಗೀಸರ್ ಆರಿಸಿಬಿಡುತ್ತೇವೆ. ಅದರೊಳಗೆ ನಿಂತ ನೀರು ಮನೆಯ ತಂಪಿಗೆ ಆರಿ ಕೆಂಪು ನಲ್ಲಿಯಲ್ಲಿ ತಣ್ಣಗೆ ಬರುತ್ತದೆ. ಬಿಸಿಗೆ ನೀಲಿ, ತಂಪಿಗೆ ಕೆಂಪು. ಕೈಗೆ ಇದು ಎಷ್ಟು ರೂಢಿಯಾಗುತ್ತದೆಂದರೆ ಯೋಚನೆಯೇ ಬೇಕಾಗುವುದಿಲ್ಲ.

ಇಷ್ಟನ್ನೂ ಅತ್ತೆಗೆ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಗೀಸರಿನ ಸ್ವಿಚ್ಚಿಗೆ ಟೇಪ್ ಅಂಟಿಸಿ, "ಅದನ್ನು ಮುಟ್ಟಬೇಡಿ" ಎಂದೆ.

"ಯಾಕೆ?"

"ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ ಅತ್ತೆ. ಎಲ್ಲದಕ್ಕೂ ಎಂತ ಯಾಕೆ?"

ಅವರನ್ನು ಸುಮ್ಮನಾಗಿಸಿದ್ದಕ್ಕೆ ನನಗೆ ಅವತ್ತು ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಕಳೆದು, ಬೆಳಿಗ್ಗೆ ಹತ್ತೂವರೆಗೆ, ಅತ್ತೆ ಬಚ್ಚಲಿನಲ್ಲಿ ಮಣೆ ಹಾಕಿ ಕೂತರು. ಸೀರೆ ಮೊಣಕಾಲಿನ ಮೇಲೆ ಎತ್ತಿ ಕಾಲು ಚಾಚಿದರು. ಎಣ್ಣೆ ಹಚ್ಚಿದ ಮಗು ಅವರ ಎದೆಯ ಮೇಲಿತ್ತು. ನೀಲಿ ನಲ್ಲಿಯಿಂದ ಬಕೆಟ್ ತುಂಬಿ ಬಚ್ಚಲೆಲ್ಲ ಹಬೆ. ನಾನು ಬಕೆಟ್ಟಿಗೆ ಕೈ ಅದ್ದಿ ನೋಡಿದೆ.

"ಇದು ಮಗುವಿಗೆ ಹಾಕುವ ನೀರಾ ಅತ್ತೆ? ಸುಡ್ತಾ ಉಂಟು."

"ಹದ ನಂಗೆ ಗೊತ್ತುಂಟು ಮಾರಾಯ್ತಿ. ನಾಲ್ಕು ಮಕ್ಕಳಿಗೆ ಮೀಯಿಸಿದ್ದೇನೆ."

"ನಿಮ್ಮ ಹದ ನೀವೇ ಇಟ್ಕೊಳ್ಳಿ. ಇವತ್ತು ನೀರು ನಾನು ಹಾಕ್ತೇನೆ."

ಈ ಸೆಕೆಗೆ ಮಗುವಿಗೆ ತಣ್ಣೀರೇ ಸಾಕು ಎಂದು ಪ್ಲಾಸ್ಟಿಕ್ ಮಗ್ ಎತ್ತಿಕೊಂಡು ಕೆಂಪು ನಲ್ಲಿ ತಿರುಗಿಸಿದೆ. ಬಚ್ಚಲಿನ ಹಬೆಯಲ್ಲಿ ಮಗ್ಗಿನ ಹಬೆ ಬೇರೆಯಾಗಿ ಕಾಣುವ ಹಾಗಿರಲಿಲ್ಲ. ಮಗುವಿನ ಕಡೆ ತಿರುಗಿದೆ.

"ಮೊದಲು ನನ್ನ ಕಾಲಿಗೆ," ಎಂದರು ಅತ್ತೆ. "ಕಾಲಿಗೆ ಹೊಯ್ದು ನೋಡದೆ ಮಗುವಿಗೆ ಹಾಕುವ ಕ್ರಮ ಇಲ್ಲ."

"ತಣ್ಣೀರಿಗೆ ಎಂತ ಕ್ರಮ!" ಎಂದವಳೇ, ಇವರ ಹಟಕ್ಕೆ ಬೆಂಕಿ ಬೀಳಲಿ ಎಂದು ಮಗ್ ಪೂರ್ತಿ ಅವರ ಕಾಲ ಮೇಲೆ ಸುರಿದೆ.

ಅವರು ಕಿರುಚಲಿಲ್ಲ. ಒಂದು ಉಸಿರು ಒಳಗೆಳೆದುಕೊಂಡರು, ಮಗುವನ್ನು ಇನ್ನಷ್ಟು ಮೇಲೆತ್ತಿ ಕುತ್ತಿಗೆಗೆ ಒತ್ತಿಕೊಂಡರು. ಎರಡು ಕಾಲೂ ನಾನು ನೋಡುತ್ತಿದ್ದಂತೆಯೇ ಕೆಂಪಾದವು. ತಲೆಯೆತ್ತಿ ನೋಡಿದರೆ ಗೀಸರಿನ ಸ್ವಿಚ್ಚಿನ ಟೇಪ್ ಕಿತ್ತುಹೋಗಿತ್ತು, ಅದರ ದೀಪ ಉರಿಯುತ್ತಿತ್ತು.

"ಗೀಸರ್ ಯಾರು ಹಾಕಿದ್ದು?" ನಾನು ಕೂಗಿದೆ. ಮೊದಲು ನನ್ನ ಬಾಯಿಂದ ಬಂದದ್ದು ಅದೇ.

"ನಾನು," ಎಂದರು. "ನೀಲಿ ನಲ್ಲಿಯದ್ದು ಬರೀ ಬಿಸಿಲಿಗೆ ಕಾದ ನೀರಲ್ವಾ? ಬಾಣಂತಿಗೆ ಅದು ಸಾಕಾಗುದಿಲ್ಲ. ನಿಂಗೆ ಮೀಲಿಕ್ಕೆ ಸರಿಯಾಗಿ ಕಾಯಲಿ ಅಂತ ಬೆಳಿಗ್ಗೆ ಹಾಕಿದೆ. ಹೇಳಿದ್ರೆ ನೀನು ಬೈತಿ."

ಕಾಲಿಗೆ ತಣ್ಣೀರು ಹಾಕಬೇಕು. ಎಲ್ಲಿಂದ ಹಾಕಲಿ? ಎರಡು ನಲ್ಲಿಯಲ್ಲೂ ಬಿಸಿ. ಫ್ರಿಜ್ಜಿನಲ್ಲಿದ್ದ ಕುಡಿಯುವ ನೀರಿನ ಬಾಟಲಿಗಳನ್ನು ಒಂದೊಂದಾಗಿ ತಂದು ಸುರಿದೆ. ಆಮೇಲೆ ಗಂಡನಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ರಸ್ತೆಯಾಚೆ ಒಂದು ಕ್ಲಿನಿಕ್ ಇದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ನಾನು ಮುಂದೆ, ಒದ್ದೆ ಸೀರೆಯಲ್ಲಿ ಅತ್ತೆ ಹಿಂದೆ. ಹೊರಗೆ ಬಂದೊಡನೆ ಕನ್ನಡಕ ಮಂಜಾಯಿತು, ಒರೆಸಿದರೆ ಮತ್ತೆ ಮಂಜು. ಈ ಊರನ್ನು, ಈ ಗಾಳಿಯನ್ನು, ಹಿಂದೆ ಕಾಲೆಳೆಯುತ್ತ ಬರುತ್ತಿದ್ದ ಆ ಮುದುಕಿಯನ್ನು ನಾನು ದಾರಿಯುದ್ದಕ್ಕೂ ಶಪಿಸಿದೆ. ಅವರನ್ನು ಶಪಿಸದಿದ್ದರೆ ಶಪಿಸಲಿಕ್ಕೆ ಉಳಿಯುತ್ತಿದ್ದದ್ದು ನಾನೊಬ್ಬಳೇ.

ನರ್ಸ್ ಮಲಯಾಳಿ. ಹಿಂದಿಯಲ್ಲಿ ಕೇಳಿದಳು, ನೀರು ಸುರಿದದ್ದು ಯಾರು ಎಂದು. ಅತ್ತೆಗೆ ಹಿಂದಿ ಬಾರದು. ಎಂತ ಕೇಳುತ್ತಾಳೆ ಎಂದು ನನ್ನ ಮುಖ ನೋಡಿದರು. ಹೇಳಿದೆ.

"ನಾನೇ ಸುರಿದುಕೊಂಡೆ ಅಂತ ಹೇಳು. ಹೊಸ ಜಾಗ, ನಲ್ಲಿ ಗೊತ್ತಾಗಲಿಲ್ಲ ಅಂತ ಹೇಳು."

ನಾನು ಹಾಗೆಯೇ ಹೇಳಿದೆ. ನರ್ಸಿಗೆ ಸಿಟ್ಟು ಬಂತು. ಮುಲಾಮು ಹಚ್ಚುತ್ತಲೇ ಅತ್ತೆಗೆ ಚೆನ್ನಾಗಿ ಬೈದಳು: ಇಷ್ಟು ವಯಸ್ಸಾಗಿದೆ, ನೋಡಿ ಮಾಡುವುದು ಬೇಡವೇ, ಇದೇ ನೀರು ಮಗುವಿನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು, ಇಂಥವರ ಕೈಗೆ ಮಗುವನ್ನು ಕೊಡುವುದು ಹೇಗೆ. ಒಂದೊಂದು ಮಾತನ್ನೂ ನಾನು ಅತ್ತೆಗೆ ತಿಳಿಸಿದೆ. ಅವರು ಕಾಲು ಚಾಚಿಕೊಂಡು, ತಲೆ ತಗ್ಗಿಸಿ ಎಲ್ಲ ಕೇಳಿದರು.

"ತಪ್ಪಾಯ್ತು ಅಂತ ಹೇಳು," ಎಂದರು.

ಅದನ್ನೂ ನಾನು ಹಿಂದಿಯಲ್ಲಿ ಹೇಳಿದೆ.