ಅಳಿಯನ ಮುಂದೆ ಹೇಳದ ಮಾತು

ನಮ್ಮ ಮನೆಯಲ್ಲಿ ದೇಹದ ಮಾತೆಲ್ಲ ಇಂಗ್ಲಿಷಿನಲ್ಲಿ. ಅಪ್ಪನಿಗೆ ಹೊಟ್ಟೆ ಕೆಟ್ಟರೆ ‘ಲೂಸ್ ಮೋಷನ್’, ಅಮ್ಮ ಡಾಕ್ಟರಿಗೆ ಹೇಳುವುದು ‘ಯೂರಿನ್’, ನಾನು ಹಾಸ್ಟೆಲಿನಿಂದ ಕಲಿತು ತಂದದ್ದು ‘ವಾಶ್‌ರೂಮ್’. ಅದನ್ನೇ ಕನ್ನಡದಲ್ಲಿ ಹೇಳಬೇಕೆಂದರೆ ನನಗೆ ಕಿವಿ ಬಿಸಿಯಾಗುತ್ತದೆ. ಮಾರಿಕಣಿವೆ ಕಡೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ಅಮ್ಮನ ತಾಯಿಗೆ ಈ ಸಂಕೋಚವಿಲ್ಲ. ಕುರಿಯ ಹೊಟ್ಟೆಯುಬ್ಬರವನ್ನೂ ತನ್ನದನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ.

ಹೋದ ವರ್ಷ ಚಿತ್ರದುರ್ಗದಲ್ಲಿ ಅಜ್ಜಿಗೆ ಕರುಳಿನ ಆಪರೇಷನ್ ಆಯಿತು. ಗಾಳಿ ಹೋದರೆ ಕರುಳು ಕೆಲಸ ಶುರು ಮಾಡಿತು ಎಂದರ್ಥ. ಅಲ್ಲಿಯವರೆಗೆ ಹನಿ ನೀರೂ ಕೊಡುವಂತಿರಲಿಲ್ಲ. ಒದ್ದೆ ಹತ್ತಿಯಿಂದ ನಾನು ತುಟಿ ಒರೆಸಿದರೆ ಅವಳು ಆ ಹತ್ತಿಯನ್ನೇ ಹಲ್ಲಿನಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅಮ್ಮ ಮನೆಗೆ ಹೋದಳು. ಅಪ್ಪ ಬಂದು ಮಂಚದ ಪಕ್ಕ ಕುಳಿತರು. ಆದರೆ ಅಜ್ಜಿ ಅಳಿಯನ ಎದುರು ಬಾಯಿ ಬಿಡುವವಳಲ್ಲ. ಅವರು ಬಂದರೆ ತಲೆಯ ಮೇಲೆ ಸೆರಗು. ಏನಾದರೂ ಕೇಳುವುದಿದ್ದರೆ ನನ್ನ ಮೂಲಕ.

ನರ್ಸ್ ಬಂದು ಇಡೀ ವಾರ್ಡಿಗೆ ಕೇಳುವಂತೆ, “ಅಜ್ಜೀ, ಗ್ಯಾಸ್ ಪಾಸ್ ಆತಾ? ಕೆಳಗಿಂದ ಗಾಳಿ ಹೋತಾ ಅಂತ ಕೇಳ್ದೆ” ಎಂದರು.

ಅಜ್ಜಿ ಸೆರಗೆಳೆದುಕೊಂಡು ಇಲ್ಲವೆಂದು ತಲೆಯಾಡಿಸಿದಳು.

ಮಧ್ಯಾಹ್ನವೂ ಅದೇ ಉತ್ತರ. ಡಾಕ್ಟರು ಸಂಜೆ ಸ್ಕ್ಯಾನ್ ಮಾಡಿಸೋಣ ಎಂದರು. ಅಪ್ಪನಿಗೆ ಆತಂಕ, ಕುಳಿತಲ್ಲಿಂದ ಕದಲಲೇ ಇಲ್ಲ. ಸೆರಗಿನೊಳಗಿಂದ ಅಜ್ಜಿ ನನ್ನನ್ನು ನೋಡಿದಳು, ಆಮೇಲೆ ಅವರ ಬೆನ್ನನ್ನು. ಆಗ ನನಗೆ ಹೊಳೆಯಿತು.

“ಅಪ್ಪಾ, ವಾಶ್‌ರೂಮಿಗೆ ಹೋಗಿ ಬರ್ತೀರಾ?”

“ನಂಗ್ಯಾಕೆ?” ಎಂದವರು ಅಜ್ಜಿಯ ಕಡೆ ತಿರುಗಿ, ತಟ್ಟನೆ ಎದ್ದರು. “ಹ್ಞೂಂ, ಹೌದು. ಅರ್ಜೆಂಟೈತೆ.”

“ಹೋದ್ರಾ ಅವ್ರು?” ಅಜ್ಜಿ ಪಿಸುಗುಟ್ಟಿದಳು. “ಲೇ, ಬೆಳಿಗ್ಗೆಯಿಂದ ಹೂಸು ಬಿಡ್ತಾನೇ ಇದೀನಿ ಕಣೇ. ನೀರ್ ಕೊಡು.”

“ಸ್ಕ್ಯಾನ್ ಅಂದಾಗ್ಲಾದ್ರೂ ಹೇಳ್ಬಾರ್ದಾ?”

“ಸ್ಕ್ಯಾನಿಗೇನು, ಸುಮ್ನೆ ಮಲ್ಗಿದ್ರಾತು. ಅಳಿಯನ್ ಮುಂದೆ ಇದನ್ನ ಹೆಂಗ್ ಹೇಳ್ಲಿ?”

ನರ್ಸನ್ನು ಹುಡುಕಿಕೊಂಡು ಹೊರಗೆ ಬಂದೆ. ಕೌಂಟರಿನ ಹತ್ತಿರವೇ ಅಪ್ಪ ನಿಂತಿದ್ದರು. ಅವರೆದುರು ನನ್ನ ಇಂಗ್ಲಿಷೂ ಬಾಯಿಗೆ ಬರಲಿಲ್ಲ.

“ಸಿಸ್ಟರ್, ಅಜ್ಜಿಗೆ... ಅದು... ಆಯ್ತಂತೆ.”

ಅಪ್ಪ ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ನೋಡತೊಡಗಿದರು.

ನರ್ಸ್ ಡಾಕ್ಟರನ್ನು ಕರೆತಂದರು. ಅವರು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಸ್ಕ್ಯಾನ್ ಬೇಡ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕೊಡಿ ಎಂದರು. ಮೊದಲ ಗುಟುಕನ್ನು ಅಜ್ಜಿ ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದು ನುಂಗಿದಳು. ಅಪ್ಪ ಬಾಗಿಲ ಹೊರಗೇ ನಿಂತಿದ್ದರು. ಅವರ ನೆರಳು ಕಂಡದ್ದೇ ಸೆರಗು ಮತ್ತೆ ತಲೆಗೇರಿತು.

“ಬೆಳಿಗ್ಗೆಯಿಂದ ಇಲ್ಲೇ ಕುಂತಿದ್ರು,” ಎಂದಳು ನನಗೆ. “ಏನಾರ ತಿಂದ್ರೇನು ಕೇಳು.”