ಅಮ್ಮಾವ್ರು ಕ್ಲಚ್ಚು ತುಳಿದ ಮಧ್ಯಾಹ್ನ

ಮಿಲಿಟರಿಯ ವರ್ಕ್‌ಶಾಪಿನಲ್ಲಿ ಆರು ವರ್ಷ ದುಡಿದು ನಾನು ಊರಿಗೆ ವಾಪಸ್ಸು ಬಂದಾಗ ಚಿಕ್ಕಬಳ್ಳಾಪುರದಲ್ಲಿ ಕಾರು ಓಡಿಸುವವರು ಕೆಲವರೇ ಇದ್ದರು, ಕೆಟ್ಟರೆ ರಿಪೇರಿ ಮಾಡಬಲ್ಲವರು ಇನ್ನೂ ಕಡಿಮೆ. ಅದಕ್ಕೇ ಆ ದೊಡ್ಡ ಮನೆಯವರು ನನ್ನನ್ನು ಡ್ರೈವರ್ ಕೆಲಸಕ್ಕೆ ಇಟ್ಟುಕೊಂಡರು. ಇಲ್ಲದಿದ್ದರೆ ಕಳವಾರದ ಕೇರಿಯವನೊಬ್ಬ ಅವರ ಅಂಗಳಕ್ಕೆ ಅಷ್ಟು ಸುಲಭವಾಗಿ ಕಾಲಿಡುವ ಕಾಲ ಅದಾಗಿರಲಿಲ್ಲ. ಅಂಗಳ ದಾಟಿ ನಾನೂ ಹೋಗುತ್ತಿರಲಿಲ್ಲ. ಬಾಯಾರಿದರೆ ಹಿತ್ತಿಲ ಬಾಗಿಲಲ್ಲಿ ಬೊಗಸೆ ಒಡ್ಡಬೇಕು, ಒಳಗಿನವರು ಮೇಲಿಂದ ನೀರು ಹುಯ್ಯುತ್ತಿದ್ದರು. ಅದೇ ಜನ ನನ್ನ ಬೆನ್ನಿಗೆ ಎರಡು ಮೊಳ ದೂರದಲ್ಲಿ ಕೂತು ಬೆಂಗಳೂರಿನ ತನಕ ನಿದ್ದೆ ಮಾಡುತ್ತಿದ್ದರು. ಇದು ಹೇಗೆ ಸರಿಹೋಗುತ್ತದೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಏಪ್ರಿಲ್ ಕೊನೆಯ ಒಂದು ದಿನ ಚಿಂತಾಮಣಿಯಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಸುದ್ದಿ ತಂದ. ಯಜಮಾನರ ತಂಗಿಯನ್ನು ಅಲ್ಲಿಗೆ ಕೊಟ್ಟಿತ್ತು. ಏಳು ತಿಂಗಳ ಬಸುರಿ. ಮೂರು ದಿನದಿಂದ ಜ್ವರ ಬಿಟ್ಟಿಲ್ಲ ಎಂದು ಸುದ್ದಿ. ಯಜಮಾನರು ಕೋರ್ಟಿನ ಕೆಲಸಕ್ಕೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಅವರ ತಾಯಿ, ಅಂದರೆ ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಯಾರನ್ನೂ ಕೇಳಲಿಲ್ಲ. ಒಂದು ಬುಟ್ಟಿ, ಒಂದು ಬಟ್ಟೆಗಂಟು ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತರು.

"ಮಗನಿಗೆ ಬಂದ್ಮೇಲೆ ಹೇಳಿದ್ರಾಯ್ತು. ನಡಿಯಪ್ಪ, ಹೋಗಣ."

ಹೊರಟಾಗಲೇ ಹನ್ನೊಂದು ಗಂಟೆ. ಶಿಡ್ಲಘಟ್ಟ ದಾಟುವವರೆಗೂ ಕಾರು ಚೆನ್ನಾಗಿಯೇ ಹೋಯಿತು. ಹಿಪ್ಪುನೇರಳೆ ತೋಟಗಳು ಮುಗಿದು ಬಯಲು ಶುರುವಾದ ಮೇಲೆ ಗಾಳಿಯೇ ಬೆಂಕಿಯಾಯಿತು. ಗೇರ್ ಬದಲಾಯಿಸಲು ಕ್ಲಚ್ಚು ಒತ್ತಿದೆ. ಪೆಡಲ್ಲು ಮೆತ್ತಗೆ, ಬೆಣ್ಣೆ ಮುದ್ದೆ ತುಳಿದ ಹಾಗೆ ಕೆಳಗೆ ಹೋಯಿತು. ಎರಡು ಮೂರು ಸಲ ಬೇಗಬೇಗ ಒತ್ತಿದರೆ ಸ್ವಲ್ಪ ಬಿಗಿ ಬರುತ್ತಿತ್ತು, ಮತ್ತೆ ಸಡಿಲ. ಹಾಗೇ ಒಂದೆರಡು ಮೈಲಿ ಓಡಿಸಿದೆ. ಆಮೇಲೆ ಒಂದು ಹಿಂಡು ಕುರಿ ರಸ್ತೆಗೆ ಅಡ್ಡ ಬಂತು. ನಿಲ್ಲಿಸಿದೆ. ಕುರಿಗಳು ಹೋದವು, ಗೇರ್ ಮಾತ್ರ ಬೀಳಲಿಲ್ಲ. ಕಿರ್ರೆಂದು ಹಲ್ಲು ಕಡಿಯಿತು, ಅಷ್ಟೆ.

ಕುರಿ ಕಾಯುವ ಮುದುಕ ಕೋಲೂರಿ ನಿಂತು ನೋಡಿದ. "ಪೆಟ್ರೋಲ್ ಅಯಿಪೋಯಿಂದಾ?" ಎಂದು ತೆಲುಗಿನಲ್ಲಿ ಕೇಳಿದ. ಪೆಟ್ರೋಲ್ ಇದೆ ತಾತ ಎಂದೆ. ಆತನ ಸಹಾಯದಿಂದಲೇ ಕಾರನ್ನು ಹುಣಸೆ ಮರದ ನೆರಳಿಗೆ ತಳ್ಳಿದೆ. ಹಿಂಡು ಚದುರುತ್ತಿದ್ದುದರಿಂದ ಅವನು ನಿಲ್ಲಲಿಲ್ಲ.

ಬಾನೆಟ್ ಎತ್ತಿ ನೋಡಿದರೆ ಕ್ಲಚ್ಚಿನ ಎಣ್ಣೆ ಡಬ್ಬಿಯ ತಳಕ್ಕಿಳಿದಿತ್ತು. ಕೆಳಗೆ ನುಸುಳಿದಾಗ ಇನ್ನೊಂದು ಕಾರಣವೂ ಕಂಡಿತು. ಎಣ್ಣೆ ಹೋಗುವ ಸಣ್ಣ ಕೊಳವೆಯನ್ನು ಹಿಡಿದಿದ್ದ ಕ್ಲಿಪ್ಪು ಮುರಿದು, ಕೊಳವೆ ಜೋತು ಬಿದ್ದು, ಸುಡುವ ಹೊಗೆ ಪೈಪಿಗೆ ಆನಿಕೊಂಡಿತ್ತು. ಆ ಶಾಖಕ್ಕೆ ಒಳಗಿನ ಎಣ್ಣೆ ಕುದಿದು ಗಾಳಿಗುಳ್ಳೆ ಎದ್ದಿತ್ತು. ಎಣ್ಣೆ ಇದ್ದರೆ ಪೆಡಲ್ಲಿನ ಒತ್ತಡ ಆ ತುದಿಗೆ ಮುಟ್ಟುತ್ತದೆ; ಗುಳ್ಳೆ ಇದ್ದರೆ ಗುಳ್ಳೆಯೇ ಕುಗ್ಗಿ ಸುಮ್ಮನಾಗುತ್ತದೆ. ಗಾಳಿ ಹೊರಗೆ ಬಿಡಬೇಕು, ಹೊಸ ಎಣ್ಣೆ ತುಂಬಬೇಕು. ಎಣ್ಣೆ ಎಲ್ಲಿಂದ ತರುವುದು? ಎಂಜಿನ್ ಆಯಿಲ್ ಹುಯ್ದರೆ ಒಳಗಿನ ರಬ್ಬರು ಊದಿ ಹಾಳಾಗುತ್ತದೆ.

"ಏನಾಗೈತೆ?" ಅಮ್ಮಾವ್ರು ಕಿಟಕಿಯಿಂದ ಕೇಳಿದರು.

"ಕ್ಲಚ್ಚಿನ ಎಣ್ಣೆ ಮುಗ್ದೈತೆ ಅಮ್ಮಾವ್ರೇ. ಅದು ಬೇರೆ ಥರದ ಎಣ್ಣೆ. ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ ಮಾಡ್ತಾರೆ ಅಂತ ನಮ್ಮ ಮೇಸ್ತ್ರಿ ಹೇಳ್ತಿದ್ರು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಒಂದು ಸೀಸೆ ತೆಗೆದರು. ಮಗಳ ಬಾಣಂತನಕ್ಕೆಂದು ಮನೆಯಲ್ಲೇ ಹರಳು ಹುರಿದು, ಕುಟ್ಟಿ, ಕಾಸಿ ತೆಗೆದ ಎಣ್ಣೆ. ಹೇಗೂ ಹೋಗುತ್ತಿದ್ದೇನಲ್ಲ ಎಂದು ತಂದಿದ್ದರು.

"ಇದಾಗುತ್ತಾ?"

"ಸ್ಪಿರಿಟ್ ಇಲ್ದಿದ್ರೂ ಸದ್ಯಕ್ಕೆ ಆಗುತ್ತೆ. ಆದ್ರೆ ಅಕ್ಕಾವ್ರಿಗೆ ಅಂತ ತಂದಿದ್ದು..."

"ಅವಳ ಹತ್ರ ಹೋದ್ರೆ ತಾನೇ ಅವಳಿಗೆ? ಹುಯ್ಯಿ."

ಎಣ್ಣೆ ತುಂಬಿದೆ. ಸಡಿಲಾದ ಕೊಳವೆಯನ್ನು ನನ್ನ ಟವಲಿನ ಅಂಚು ಹರಿದು ಮೇಲಕ್ಕೆ ಎಳೆದು ಕಟ್ಟಿದೆ. ಇನ್ನು ಗಾಳಿ ತೆಗೆಯುವುದು. ಅದು ಒಬ್ಬನಿಂದಾಗುವ ಕೆಲಸವಲ್ಲ. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಆಗ ಕೆಳಗಿರುವವನು ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಆಮೇಲೆ ಮೇಲಿನವರು ಕಾಲು ತೆಗೆಯಬೇಕು. ರಸ್ತೆಯ ಎರಡೂ ಕಡೆ ನೋಡಿದೆ. ಬಿಸಿಲು ಬಿಟ್ಟರೆ ಏನೂ ಇಲ್ಲ.

ಅಮ್ಮಾವ್ರೇ ಕೇಳಿದರು: "ಇನ್ನೇನು ಬೇಕು?"

ಹೇಳಿದೆ. ಅವರಿಗೆ ಅರವತ್ತು ದಾಟಿತ್ತು, ಕುಳ್ಳು ಬೇರೆ. ನನ್ನ ಸೀಟನ್ನು, ನಾನು ದಿನವೂ ಬೆವರಿ ಒರಗುವ ಆ ಸೀಟನ್ನು, ಒಂದು ಗಳಿಗೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನ ಹಿಂದೆ ಬಟ್ಟೆಗಂಟು ಇಟ್ಟುಕೊಂಡು, ಸೀಟಿನ ಅಂಚಿಗೆ ಸರಿದು ಕೂತರು. ಬರಿಗಾಲು ಪೆಡಲ್ಲಿಗೆ ಮುಟ್ಟಿತು.

"ಕಾರು ಓಡ್ಹೋಗಲ್ಲ ತಾನೆ?"

"ಇಲ್ಲಮ್ಮಾವ್ರೇ. ಎಂಜಿನ್ ಆಫ್ ಆಗೈತೆ."

ನಾನು ಕೆಳಗೆ ಮಲಗಿದೆ. ಮೊದಲು "ತುಳೀರಿ ಅಮ್ಮಾವ್ರೇ, ಹಂಗೇ ಹಿಡ್ಕೊಳ್ರಿ, ಈಗ ಬಿಡ್ರಿ" ಎಂದೆಲ್ಲ ಹೇಳುತ್ತಿದ್ದೆ. ನಾನು ಹೇಳಿ ಮುಗಿಸುವುದರೊಳಗೆ ಅವರು ಕಾಲು ಎತ್ತಿಬಿಡುತ್ತಿದ್ದರು, ಹೊರಗೆ ಹೋದ ಗಾಳಿ ಮತ್ತೆ ಒಳಕ್ಕೆ. ಕಾದ ಪೈಪು ಮೊಣಕೈಗೆ ತಾಗಿ ಚುರ್ರೆಂದಿತು. ಬೆವರು ಕಣ್ಣಿಗಿಳಿಯಿತು. ಆಮೇಲೆ ನನಗೆ ನಾನೆಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ವರ್ಕ್‌ಶಾಪಿನಲ್ಲಿ ಜೊತೆಯವನಿಗೆ ಕೂಗುತ್ತಿದ್ದ ಹಾಗೆ ಕೂಗಿದೆ.

"ತುಳಿ! ಹಿಡ್ಕೋ! ಬಿಡು! ತುಳಿ! ಏಯ್, ಈಗ್ಲೇ ಬಿಡ್ಬೇಡ!"

ಮೇಲಿನ ಕಾಲು ತಾಳ ತಪ್ಪಲಿಲ್ಲ. ಗುಳುಗುಳು ನಿಂತು ಎಣ್ಣೆ ದಾರವಾಗಿ ಇಳಿಯತೊಡಗಿತು. ಮಧ್ಯೆ ಎರಡು ಸಲ ಎದ್ದು ಡಬ್ಬಿ ತುಂಬಿಸಿ ಬಂದು ಮಲಗಿದೆ. ಕೊನೆಗೆ ಅವರೇ ಮೇಲಿಂದ, "ಈಗ ಗಟ್ಟಿಯಾಯ್ತು ಕಣಪ್ಪ, ಒತ್ತಿದ್ರೆ ಸುಲಭಕ್ಕೆ ಹೋಗ್ತಾ ಇಲ್ಲ" ಎಂದರು.

ತಿರುಪು ಬಿಗಿ ಮಾಡುವಾಗ ನನಗೆ ನೆನಪಾಯಿತು, ಯಾರಿಗೆ ಏನೆಂದು ಕೂಗಿದೆ ಎಂದು. ಹೊರಗೆ ಬರಲು ಭಯವಾಯಿತು. ಮರೆತು ಆಡಿದ ಒಂದು ಮಾತಿಗೆ ನಮ್ಮ ಕೇರಿಯವರು ಕಂಬಕ್ಕೆ ಕಟ್ಟಿಸಿಕೊಂಡದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಎದ್ದು ತಲೆ ತಗ್ಗಿಸಿ ನಿಂತೆ.

"ತಪ್ಪಾಯ್ತು ಅಮ್ಮಾವ್ರೇ. ಬಾಯಿ ತಪ್ಪಿ ಏಕವಚನ ಬಂದ್ಬಿಡ್ತು."

ಅವರು ಸೀಟಿನಿಂದ ಇಳಿಯುತ್ತಾ ಸೊಂಟ ಹಿಡಿದುಕೊಂಡರು. "ನೀನು ತುಳೀರಿ, ಬಿಡ್ರಿ ಅಂತ ಉದ್ದಕ್ಕೆ ಹೇಳ್ತಾ ಇದ್ದಿದ್ರೆ ಸಾಯಂಕಾಲ ಆಗ್ತಿತ್ತು. ಕೆಲಸ ಆಯ್ತಲ್ಲ, ಬಿಡು."

ಅವರು ತಮಗೆ ಕುಡಿಯಲು ತಂದಿದ್ದ ಹಿತ್ತಾಳೆ ಚೊಂಬಿನಲ್ಲಿ ನೀರಿತ್ತು. ಅಭ್ಯಾಸದಂತೆ ನಾನು ಬೊಗಸೆ ಒಡ್ಡಿದೆ. ಕೈತುಂಬ ಎಣ್ಣೆ, ಮಸಿ. ಅವರು ಹುಯ್ಯಲು ಚೊಂಬು ಬಗ್ಗಿಸಿದವರು ನಿಲ್ಲಿಸಿದರು.

"ಆ ಕೈಲಿ ಹೆಂಗೋ ಕುಡೀತೀಯ? ಇದನ್ನೇ ಎತ್ಕೊಂಡು ಕುಡಿ."

ತೆಗೆದುಕೊಂಡೆ. ಕುಡಿಯುವಾಗ ಅವರು ಚಿಂತಾಮಣಿಯ ದಾರಿ ನೋಡುತ್ತಾ ನಿಂತಿದ್ದರು.

ಎರಡು ಗಂಟೆಯ ಹೊತ್ತಿಗೆ ಚಿಂತಾಮಣಿ ತಲುಪಿದೆವು. ಪೆಡಲ್ಲು ಸ್ವಲ್ಪ ಜಡ, ಆದರೆ ಗೇರ್ ಬೀಳುತ್ತಿತ್ತು. ಮಗಳ ಜ್ವರ ಮರುದಿನವೇ ಇಳಿಯಿತು. ಎರಡು ತಿಂಗಳಿಗೆ ಹೆಣ್ಣು ಮಗು. ಊರಿಗೆ ಮರಳಿದ ಮೇಲೆ ಎಣ್ಣೆ ತೆಗೆದು ತೊಳೆದು ರಬ್ಬರು ಬದಲಿಸಿದೆ. ಬಾಣಂತಿ ಎಣ್ಣೆ ಕಾರಿಗೆ ಹುಯ್ದವನು ಎಂದು ಯಜಮಾನರು ರೇಗಿದರು. "ಪೆಡಲ್ ಯಾರು ತುಳಿದ್ರು?" ಎಂದೂ ಕೇಳಿದರು. ಒಳಗಿನಿಂದ ಉತ್ತರ ಬಂತು: "ನಾನು."

ಎಲ್ಲವೂ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿತ್ತಿಲ ಬಾಗಿಲಲ್ಲಿ ಮತ್ತೆ ಅದೇ ಬೊಗಸೆ, ಮೇಲಿಂದ ಅದೇ ನೀರು. ನಾನೂ ಎರಡು ವರ್ಷದ ಮೇಲೆ ಆ ಕೆಲಸ ಬಿಟ್ಟು ಬಸ್ಸಿಗೆ ಸೇರಿದೆ. ಆದರೆ ಆ ಎರಡು ವರ್ಷ, ನಾವಿಬ್ಬರೇ ಎಲ್ಲಿಗಾದರೂ ಹೋಗುವಾಗ, ಊರು ದಾಟಿದ ಮೇಲೆ ಅವರು ಕಾರು ನಿಲ್ಲಿಸಲು ಹೇಳುತ್ತಿದ್ದರು. ಹಿಂದೆ ಸೆಖೆ ಎಂದು ಇಳಿದು ಮುಂದಿನ ಸೀಟಿಗೆ ಬಂದು ಕೂರುತ್ತಿದ್ದರು. ಒಮ್ಮೆ ಮಂಚೇನಹಳ್ಳಿ ದಾರಿಯಲ್ಲಿ ಹಾಗೇ ಕೂತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು: "ನಿಮ್ಮಮ್ಮ ಅದಾಳೇನಪ್ಪ?"

ಇದ್ದಾಳೆ, ಕಳವಾರದಲ್ಲಿ, ಕಣ್ಣು ಮಂಜು ಎಂದೆ. ಅವಳ ಹೆಸರೇನು ಎಂದರು. ಆ ಮನೆಯಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಹೇಳಿದೆ.